ನಿಂತುಹೋದ ಬಾರ್ಬೆಕ್ಯೂ ಸಾಸ್ ಬೇಕೇ? ರೆಸಿಪಿ ಕೇಳಬೇಡಿ, ಹಳೇ ಲೇಬಲ್ ಹುಡುಕಿ

ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷ ಅಂಗಡಿಯಲ್ಲಿದ್ದ ಬಾರ್ಬೆಕ್ಯೂ ಸಾಸ್ ಒಂದು ದಿನ ಕಾಣೆಯಾಗುತ್ತೆ. "ಇದರ ರೆಸಿಪಿ ಯಾರ ಹತ್ರ ಆದ್ರೂ ಇದೆಯಾ?" ಅಂತ ಯಾರೋ ಕೇಳ್ತಾರೆ. ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: ಒಂದು ಕಪ್ ಕೆಚಪ್, ಅರ್ಧ ಕಪ್ ಬ್ರೌನ್ ಶುಗರ್, ಎರಡು ಚಮಚ ವೂಸ್ಟರ್‌ಶೈರ್ ಸಾಸ್, ಸ್ವಲ್ಪ ಲಿಕ್ವಿಡ್ ಸ್ಮೋಕ್ (ಹೊಗೆಯ ವಾಸನೆ ಕೊಡುವ ದ್ರವ). ಯಾವ ಬ್ರಾಂಡ್ ಹೆಸರು ಹೇಳಿ ಕೇಳಿದರೂ ಇದೇ ಪಟ್ಟಿ. ಮಾಡಿ ನೋಡಿದರೆ ಕೆಚಪ್ ರುಚಿಯೇ ಬರುತ್ತೆ. ಬರದೇ ಇನ್ನೇನು?

ಕಪ್ ಲೆಕ್ಕದಲ್ಲಿ ಬರೆದ ಪಟ್ಟಿಯನ್ನು "ಫ್ಯಾಕ್ಟರಿಯ ಅಸಲಿ ರೆಸಿಪಿ" ಅಂತ ಯಾರು ಕೊಟ್ಟರೂ ನಂಬಬೇಡಿ. ಫ್ಯಾಕ್ಟರಿಯಲ್ಲಿ ಎಲ್ಲವೂ ತೂಕದ ಲೆಕ್ಕ, ಮತ್ತು ದೊಡ್ಡ ಸಾಸ್ ಫ್ಯಾಕ್ಟರಿಗೆ ಕೆಚಪ್ ಬಾಟಲಿ ಒಡೆದು ಸುರಿಯುವ ಅಗತ್ಯವೇ ಇಲ್ಲ. ಅಲ್ಲಿ ಶುರುವಾಗೋದು ಟೊಮ್ಯಾಟೊ ಪೇಸ್ಟ್, ವಿನೆಗರ್, ನೀರು, ಸಕ್ಕರೆಯಿಂದ. ಕೆಚಪ್‌ನಲ್ಲಿ ಸಕ್ಕರೆ, ಉಪ್ಪು, ಹುಳಿ, ಈರುಳ್ಳಿ, ಮಸಾಲೆ ಆಗಲೇ ಸೇರಿಹೋಗಿರುತ್ತೆ. ಸೇರಿದ್ದನ್ನು ತೆಗೆಯೋಕಾಗಲ್ಲ. ಹಾಗಾಗಿ ಹುಳಿ ಮುಂದಿರುವ, ತೆಳ್ಳಗಿನ ಹಳೇ ಸಾಸ್‌ಗಳು ಕೆಚಪ್‌ನಿಂದ ಯಾವತ್ತೂ ಸಿಗಲ್ಲ.

ನಿಜವಾದ ರೆಸಿಪಿಯ ಮುಕ್ಕಾಲು ಭಾಗ ಬಾಟಲಿಯ ಹಿಂದೆಯೇ ಅಚ್ಚಾಗಿರುತ್ತೆ. ಅಮೆರಿಕದ ಲೇಬಲ್‌ನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು. 1990ರ ಕಾಯ್ದೆಯ ನಂತರ, 1994ರ ಹೊತ್ತಿಗೆ, ಪೋಷಕಾಂಶದ ಚೌಕವೂ ಕಡ್ಡಾಯವಾಯಿತು. ಆದ್ದರಿಂದ 1960ರ ಚೆಂದದ ಗಾಜಿನ ಬಾಟಲಿಗಿಂತ 1996ರ ಸಾದಾ ಪ್ಲಾಸ್ಟಿಕ್ ಬಾಟಲಿಯ ಹಿಂಬದಿ ಫೋಟೊ ನಿಮಗೆ ಹೆಚ್ಚು ಉಪಯೋಗ. ಅದರಲ್ಲಿ ಅಂಕಿಗಳಿವೆ.

ಎಲ್ಲಿ ಹುಡುಕೋದು? ಹಳೇ ಬಾಟಲಿ ಮಾರುವ ಹರಾಜು ತಾಣಗಳಲ್ಲಿ ಲೇಬಲ್ ಓದುವಷ್ಟು ಸ್ಪಷ್ಟವಾದ ಫೋಟೊ ಸಿಗುತ್ತೆ. ಹಿಂಬದಿಯ ಚಿತ್ರ ಇಲ್ಲದಿದ್ದರೆ ಮಾರುವವರನ್ನೇ ಕೇಳಿ. ಹಳೇ ಪತ್ರಿಕೆಗಳ ದಿನಸಿ ಜಾಹೀರಾತಿನಿಂದ ವರ್ಷ, ಬೆಲೆ, ಬಾಟಲಿ ಅಳತೆ ಸಿಗುತ್ತೆಯೇ ಹೊರತು ಪದಾರ್ಥ ಸಿಗೋದು ಅಪರೂಪ. ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯಲ್ಲಿ ಹೆಸರು ಯಾರಿಂದ ಯಾರಿಗೆ ಹೋಯಿತು ಅಂತ ನೋಡಬಹುದು. ಇದು ಮುಖ್ಯ, ಯಾಕಂದರೆ ಮಾಲೀಕರು ಬದಲಾದ ಮೇಲೆ ಸಾಸ್ ಕೂಡ ಬದಲಾಗಬಹುದು. ಕೆಸಿ ಮಾಸ್ಟರ್‌ಪೀಸ್ ಉದಾಹರಣೆ ತಗೊಳ್ಳಿ: 1977ರಲ್ಲಿ ಕ್ಯಾನ್ಸಸ್ ಸಿಟಿಯ ವೈದ್ಯ ರಿಚ್ ಡೇವಿಸ್ ಶುರು ಮಾಡಿದ್ದು, 1986ರಲ್ಲಿ ಇದ್ದಿಲು ಮಾರುವ ಕಿಂಗ್ಸ್‌ಫರ್ಡ್ ಕಂಪನಿಯ ಪಾಲಾಯಿತು. ಇಂಥ ಬ್ರಾಂಡ್‌ಗಳಲ್ಲಿ ಮಾರಾಟದ ಮುಂಚಿನ ಲೇಬಲ್ ಒಂದು, ಆಮೇಲಿನದು ಇನ್ನೊಂದು ಅಂತಲೇ ಇಟ್ಟುಕೊಂಡು ಎರಡನ್ನೂ ಹುಡುಕಿ. ಇನ್ನೊಂದು ಕಡೆ ಬಹಳ ಜನ ನೋಡೋದೇ ಇಲ್ಲ: ಹೋಟೆಲ್‌ಗಳಿಗೆ ಮಾರುವ ಒಂದು ಗ್ಯಾಲನ್ ಡಬ್ಬ. ಅಂಗಡಿಯ ಬಾಟಲಿ ನಿಂತ ಮೇಲೂ ಅದು ಕೆಲವೊಮ್ಮೆ ಮುಂದುವರಿದಿರುತ್ತೆ.

ಲೇಬಲ್ ಸಿಕ್ಕಿತು ಅಂದುಕೊಳ್ಳಿ. ಲೆಕ್ಕ ಹಾಕುವ ರೀತಿ ತೋರಿಸಲು ಒಂದು ಮಾದರಿ: ನೀರು, ಸಕ್ಕರೆ, ವಿನೆಗರ್, ಟೊಮ್ಯಾಟೊ ಪೇಸ್ಟ್, ಉಪ್ಪು, ಮಾಡಿಫೈಡ್ ಸ್ಟಾರ್ಚ್, ಮಸಾಲೆ, ಹಿಕರಿ ಮರದ ಹೊಗೆಯ ಫ್ಲೇವರ್, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ. ಚೌಕದಲ್ಲಿ 34 ಗ್ರಾಂಗೆ ಸಕ್ಕರೆ 7 ಗ್ರಾಂ, ಸೋಡಿಯಂ 420 ಮಿಲಿಗ್ರಾಂ.

ಮೊದಲು ಉಪ್ಪು. ಸೋಡಿಯಂ ಅನ್ನು 2.54ರಿಂದ ಗುಣಿಸಿದರೆ ಉಪ್ಪು. 420 ಮಿಲಿಗ್ರಾಂ ಅಂದರೆ 1.07 ಗ್ರಾಂ ಉಪ್ಪು, ಕಿಲೋಗೆ ಸುಮಾರು 31 ಗ್ರಾಂ. ಇದೇ ನಿಮ್ಮ ಅಳತೆಗೋಲು. ಪಟ್ಟಿಯಲ್ಲಿ ಉಪ್ಪಿನ ನಂತರ ಬಂದ ಪ್ರತಿಯೊಂದೂ 31 ಗ್ರಾಂ ಮೀರುವಂತಿಲ್ಲ, ಮುಂಚೆ ಬಂದ ಯಾವುದೂ ಅದಕ್ಕಿಂತ ಕಡಿಮೆ ಇರುವಂತಿಲ್ಲ. ಒಂದು ಎಚ್ಚರ: "ಶೇ. 2ಕ್ಕಿಂತ ಕಡಿಮೆ" ಅಂತ ಬರೆದ ಮೇಲೆ ಬರುವ ಪದಾರ್ಥಗಳಿಗೆ ಕ್ರಮದ ನಿಯಮ ಇಲ್ಲ.

ಆಮೇಲೆ ಸಿಹಿ. 34ಕ್ಕೆ 7 ಅಂದರೆ ಕಿಲೋಗೆ ಸುಮಾರು 206 ಗ್ರಾಂ. ಲೇಬಲ್‌ನ ಅಂಕಿ ಪೂರ್ಣಾಂಕಕ್ಕೆ ತಂದದ್ದು, ಹಾಗಾಗಿ ನಿಜವಾದದ್ದು 191ರಿಂದ 221ರ ನಡುವೆ ಎಲ್ಲಾದರೂ ಇರಬಹುದು. ಟೊಮ್ಯಾಟೊ ಪೇಸ್ಟ್‌ನ ಸ್ವಂತ ಸಿಹಿ ಕಳೆದರೆ ಹಾಕುವ ಸಕ್ಕರೆ 188 ಗ್ರಾಂ ಆಸುಪಾಸು. ವಿನೆಗರ್ ಅದಕ್ಕಿಂತ ಕಡಿಮೆ, ಪೇಸ್ಟ್‌ಗಿಂತ ಹೆಚ್ಚು: 170. ಪೇಸ್ಟ್ 150. ಸ್ಟಾರ್ಚ್ 20. ಮಸಾಲೆ, ಹೊಗೆ, ಪುಡಿಗಳು ಎಲ್ಲ ಸೇರಿ 15. ಉಳಿದ 426 ಗ್ರಾಂ ನೀರು. ಮೊದಲ ಪ್ರಯತ್ನಕ್ಕೆ ಇಷ್ಟು ಸಾಕು.

ಇಲ್ಲಿ ತಪ್ಪೋದು ವಿನೆಗರ್‌ನಲ್ಲಿ. ಮನೆಗೆ ತರುವ ವಿನೆಗರ್ ಶೇ. 5 ಆಮ್ಲದ್ದು, ಫ್ಯಾಕ್ಟರಿಗೆ ಬರುವುದು ಶೇ. 10ರದ್ದಾಗಿರಬಹುದು. ಮಾಡಿದ ಸಾಸ್ ಸಪ್ಪೆ ಅನ್ನಿಸಿದರೆ ಸಕ್ಕರೆ ಕಡಿಮೆ ಮಾಡೋಕೆ ಹೋಗಬೇಡಿ. ವಿನೆಗರ್ 340 ಗ್ರಾಂ ಮಾಡಿ, ನೀರು 170 ಗ್ರಾಂ ಇಳಿಸಿ 256ಕ್ಕೆ ತನ್ನಿ. ಹುಳಿ ಎರಡರಷ್ಟಾಗುತ್ತೆ, ಒಟ್ಟು ತೂಕ ಹಾಗೇ ಉಳಿಯುತ್ತೆ. ಇನ್ನೊಂದು ಸೂಕ್ಷ್ಮ: ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಾರ ಲೇಬಲ್‌ನಲ್ಲಿ ಬರೀ "ವಿನೆಗರ್" ಅಂತಿದ್ದರೆ ಅದು ಸೇಬಿನ ವಿನೆಗರ್. ಬಿಳಿ ವಿನೆಗರ್ ಆಗಿದ್ದರೆ "ಡಿಸ್ಟಿಲ್ಡ್" ಅಂತ ಇರಬೇಕು. ಮೂಗಿಗೆ ಬಡಿಯುವ ವಾಸನೆಯೇ ಬೇರೆ, ಇದನ್ನು ಅಲಕ್ಷ್ಯ ಮಾಡಬೇಡಿ.

ಲೇಬಲ್‌ನಲ್ಲಿ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಇದ್ದರೆ ಅದರ 100 ಗ್ರಾಂಗೆ 77 ಗ್ರಾಂ ಸಕ್ಕರೆ, 23 ಗ್ರಾಂ ನೀರು ಅಂತ ಬದಲಾಯಿಸಿ. ಇದು 55ರ ದರ್ಜೆಯ (ಸಕ್ಕರೆಯಲ್ಲಿ ಶೇ. 55 ಫ್ರಕ್ಟೋಸ್ ಇರುವ) ಸಿರಪ್‌ನ ಲೆಕ್ಕ. ಬರೀ "ಕಾರ್ನ್ ಸಿರಪ್" ಅಂತಿದ್ದರೆ ಈ ಲೆಕ್ಕ ನಡೆಯಲ್ಲ. ಅದು ಸಿಹಿ ಕಡಿಮೆ, ಅಂಟು ಜಾಸ್ತಿ. ಅದನ್ನೇ ತಂದು ಹಾಕಿ.

ಈಗ ಎಲ್ಲರನ್ನೂ ಕಂಗೆಡಿಸುವ ಪದ: "ಮಸಾಲೆ". ಇದರಲ್ಲೂ ಕಾನೂನು ನಮ್ಮ ಕೈಹಿಡಿಯುತ್ತೆ. ಈರುಳ್ಳಿ, ಬೆಳ್ಳುಳ್ಳಿ ಪುಡಿಯನ್ನು ಮಸಾಲೆ ಅನ್ನುವ ಹೆಸರಿನಡಿ ಬಚ್ಚಿಡುವಂತಿಲ್ಲ. ಪ್ಯಾಪ್ರಿಕಾ (ಖಾರ ಕಡಿಮೆ ಇರುವ ಕೆಂಪು ಮೆಣಸಿನ ಪುಡಿ), ಅರಿಶಿನ, ಕೇಸರಿ ಇವು ಬಣ್ಣ ಕೊಡುವುದರಿಂದ ಅವನ್ನೂ ಹೆಸರಿಸಬೇಕು, ಇಲ್ಲವೇ "ಮಸಾಲೆ ಮತ್ತು ಬಣ್ಣ" ಅನ್ನಬೇಕು. ಹಾಗಾದರೆ ಬರೀ "ಮಸಾಲೆ" ಅಂತಿರುವ ಕಡೆ ಇವೆಲ್ಲ ಔಟ್. ಉಳಿದದ್ದು ಕಾಳುಮೆಣಸು, ಖಾರದ ಮೆಣಸಿನಕಾಯಿ, ಸಾಸಿವೆ, ಲವಂಗ, ಆಲ್‌ಸ್ಪೈಸ್, ಚಕ್ಕೆ, ಶುಂಠಿ, ಜೀರಿಗೆ, ಸೆಲರಿ ಬೀಜ. ಹಳೇ ಕೆಂಪು ಸಾಸ್ ನೆನಪಿರುವವರು "ಏನೋ ಒಂದು ವಾಸನೆ, ಹೆಸರು ಗೊತ್ತಾಗ್ತಿಲ್ಲ" ಅಂದಾಗ ಮೊದಲು ಪರೀಕ್ಷಿಸಬೇಕಾದ್ದು ಸೆಲರಿ ಬೀಜ, ಆಮೇಲೆ ಆಲ್‌ಸ್ಪೈಸ್ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆ ಹೀಗೆ. ಮಸಾಲೆ ಇಲ್ಲದ ಸಾಸ್ ಒಂದು ಕಿಲೋ ಮಾಡಿ, ನೂರು ನೂರು ಗ್ರಾಂ ಬಟ್ಟಲುಗಳಿಗೆ ಹಾಕಿ. ಒಂದೊಂದು ಬಟ್ಟಲಿಗೆ ಒಂದೇ ಮಸಾಲೆ, 0.1 ಗ್ರಾಂ. ಅಷ್ಟು ಸಣ್ಣ ತೂಕ ಅಡುಗೆಮನೆ ತಕ್ಕಡಿಗೆ ಬರಲ್ಲ. ಅದಕ್ಕೆ 1 ಗ್ರಾಂ ಮಸಾಲೆ ಪುಡಿಯನ್ನು 9 ಗ್ರಾಂ ಸಕ್ಕರೆ ಪುಡಿಯಲ್ಲಿ ಚೆನ್ನಾಗಿ ಬೆರೆಸಿ, ಆ ಮಿಶ್ರಣದ 1 ಗ್ರಾಂ ಹಾಕಿ. ಮುಚ್ಚಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ರುಚಿ ನೋಡಿ. ಅದೇ ದಿನ ನೋಡಿದರೆ ಮಸಾಲೆ ಸರಿಯಾಗಿ ಬೆರೆತಿರದೆ ದಾರಿ ತಪ್ಪುತ್ತೀರಿ. ಲಿಕ್ವಿಡ್ ಸ್ಮೋಕ್ ಕಿಲೋಗೆ ಅರ್ಧ ಗ್ರಾಂನಿಂದ ಶುರು ಮಾಡಿ, ಒಂದೊಂದು ಬ್ರಾಂಡ್‌ನ ಗಾಢತೆ ಒಂದೊಂದು ತರ. ಹೆಚ್ಚಾದರೆ ಔಷಧಿ ವಾಸನೆ.

ದಪ್ಪ ಬರುವ ವಿಷಯ. ಫ್ಯಾಕ್ಟರಿಯ ಮಾಡಿಫೈಡ್ ಸ್ಟಾರ್ಚ್ ಹುಳಿಯನ್ನು ತಡೆಯುತ್ತೆ, ಮನೆಯ ಕಾರ್ನ್‌ಫ್ಲೋರ್ ತಡೆಯಲ್ಲ. ವಿನೆಗರ್ ಜೊತೆ ಬಹಳ ಹೊತ್ತು ಕುದಿಸಿದರೆ ಸಾಸ್ ನೀರಾಗುತ್ತೆ. ಪೇಸ್ಟ್, ಸಕ್ಕರೆ, ಉಪ್ಪು, ಮಸಾಲೆ, ನೀರು ಮೊದಲು ಕುದಿಸಿ, ತಣ್ಣೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಹಾಕಿ, ಗಟ್ಟಿಯಾದ ಮೇಲೆ ವಿನೆಗರ್ ಸೇರಿಸಿ, ಮತ್ತೆ 90 ಡಿಗ್ರಿಗೆ ತಂದು ಇಳಿಸಿ. ಲೇಬಲ್‌ನಲ್ಲಿ ಕ್ಸಾಂಥಾನ್ ಗಮ್ (ದಪ್ಪ ಮಾಡುವ ಅಂಟುಪುಡಿ) ಇದ್ದರೆ ಆ ಬಾಟಲಿ 1969ಕ್ಕಿಂತ ಹಳೆಯದಲ್ಲ, ಎಫ್‌ಡಿಎ ಒಪ್ಪಿಗೆ ಕೊಟ್ಟದ್ದೇ ಆ ವರ್ಷ. ಬಳಸುವುದಾದರೆ ಕಿಲೋಗೆ 2 ಗ್ರಾಂ, ಒಣ ಸಕ್ಕರೆಯಲ್ಲಿ ಬೆರೆಸಿಯೇ ಹಾಕಿ, ಇಲ್ಲದಿದ್ದರೆ ಗಂಟು ಕಟ್ಟುತ್ತೆ.

ಅಮೆರಿಕದಲ್ಲಿರುವ ನಮ್ಮ ಸಸ್ಯಾಹಾರಿ ಕನ್ನಡಿಗರಿಗೆ ಒಂದು ಮಾತು: ಸಾಂಪ್ರದಾಯಿಕ ವೂಸ್ಟರ್‌ಶೈರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತೆ. ಅದರ ಹುಳಿಯಲ್ಲಿ ಹುಣಸೆಹಣ್ಣಿನ ಪಾಲೂ ಇದೆ. ಮೀನಿಲ್ಲದ ಬ್ರಾಂಡ್ ಸಿಗದಿದ್ದರೆ ಹುಣಸೆ ರಸ, ಮೊಲಾಸಿಸ್, ಸ್ವಲ್ಪ ಸೋಯಾ ಸಾಸ್ ಸೇರಿಸಿದರೆ ಹತ್ತಿರ ಬರುತ್ತೆ. ಪ್ಯಾಪ್ರಿಕಾ ಜಾಗಕ್ಕೆ ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಬಹಳ ಒಳ್ಳೆಯದು, ಖಾರ ಮಾತ್ರ ಸ್ವಲ್ಪ ಏರುತ್ತೆ.

ಹೀಗೆ ಹುಡುಕಿ ಮಾಡಿ ಹಂಚಿಕೊಳ್ಳೋದು ತಪ್ಪಾ ಅಂತ ಹಿಂಜರಿಯುವವರಿದ್ದಾರೆ. ಬರೀ ಪದಾರ್ಥಗಳ ಪಟ್ಟಿಗೆ ಅಮೆರಿಕದಲ್ಲಿ ಕಾಪಿರೈಟ್ ಇಲ್ಲ. ಕೊಂಡ ವಸ್ತುವನ್ನು ಬಿಡಿಸಿ ನೋಡಿ ಗುಟ್ಟು ಕಂಡುಹಿಡಿಯುವುದು ಕಳ್ಳತನವಲ್ಲ ಅಂತ 2016ರ ವ್ಯಾಪಾರ ರಹಸ್ಯ ಕಾಯ್ದೆಯೇ ಹೇಳುತ್ತೆ. ಹಳೇ ಹೆಸರು ಅಂಟಿಸಿ ಮಾರಬಾರದು, ಅಷ್ಟೇ.

ಯಾರದ್ದೋ ಅಟ್ಟದಲ್ಲಿ ಸಿಕ್ಕ ತೆರೆಯದ ಹಳೇ ಬಾಟಲಿಯನ್ನು ರುಚಿಗೆ ಪ್ರಮಾಣ ಮಾಡಿಕೊಳ್ಳಬೇಡಿ. ಅದು ಕಪ್ಪಾಗಿ, ಸುವಾಸನೆ ಹೋಗಿ ಬೇರೆಯೇ ಪದಾರ್ಥವಾಗಿರುತ್ತೆ, ತಿನ್ನಲೂಬೇಡಿ. ನೀವು ಮಾಡಿದ್ದನ್ನು ಫ್ರಿಜ್‌ನಲ್ಲೇ ಇಡಿ. ಪಿಎಚ್ ಅಳೆಯುವ ಸಾಧನ ಇದ್ದರೆ 4ಕ್ಕಿಂತ ಕೆಳಗಿದೆಯೇ ನೋಡಿಕೊಳ್ಳಿ. ಕೊನೆಯ ತೀರ್ಮಾನವನ್ನು ಚಮಚದಲ್ಲಿ ನೆಕ್ಕಿ ಮಾಡಬೇಡಿ. ಕೋಳಿಯ ತುಂಡಿಗೋ ಪನೀರ್‌ಗೋ ಬೇಯುವ ಕಡೇ ಹತ್ತು ನಿಮಿಷ ಇರುವಾಗ ಸವರಿ, ಬಿಸಿಯಾಗಿರುವಾಗಲೇ ತಿಂದು ನೋಡಿ. ಮುಂಚೆಯೇ ಸವರಿದರೆ ಸಕ್ಕರೆ ಸುಟ್ಟು ಕಹಿಯಾಗುತ್ತೆ, ಆಮೇಲೆ ತಪ್ಪು ರೆಸಿಪಿಯದ್ದೋ ಬೆಂಕಿಯದ್ದೋ ತಿಳಿಯಲ್ಲ.