ಲೇಕ್ ವ್ಯೂ ಹಾಲಿನ ದಾರದುಂಡೆ

‘ಸಮುದಾಯ ಸಹಭಾಗಿತ್ವ’ ಅನ್ನುವ ಮಾತನ್ನು ಒಂದೇ ಬೆಳಿಗ್ಗೆ ಎಷ್ಟು ಸಲ ಕೇಳಬಹುದು? ನಾನು ನಲವತ್ತೊಂದರವರೆಗೆ ಎಣಿಸಿದೆ. ಅಷ್ಟರಲ್ಲಿ ಬೋಂಡಾ ಬಂತು, ಲೆಕ್ಕ ತಪ್ಪಿತು.

ಕೆರೆ ಉಳಿಸುವ ಕಾರ್ಯಾಗಾರ ಅದು. ಬೆಂಗಳೂರಿನ ದೊಡ್ಡ ಹೋಟೆಲಿನ ಏಳನೇ ಮಹಡಿ. ಹಾಲಿನ ಹೆಸರು ‘ಲೇಕ್ ವ್ಯೂ’. ಸುಳ್ಳು ಹೇಳಬಾರದು, ಕಿಟಕಿಯಾಚೆ ನಿಜಕ್ಕೂ ಒಂದು ಕೆರೆ ಇತ್ತು. ಆದರೆ ಕಿಟಕಿಯ ಪರದೆ ಎಳೆದು, ಗೋಡೆಯ ಪರದೆ ಮೇಲೆ ಬೇರೆ ಕೆರೆ ತೋರಿಸಿದರು. ನೀಲಿ ನೀರು, ಬಿಳಿ ಕೊಕ್ಕರೆ. ಬೆಳಕು ಬಿದ್ದರೆ ಚಿತ್ರ ಕಾಣಲ್ಲ ಅಂತ ಕಾರಣ ಕೊಟ್ಟರು. ಯಾರೋ ಸೆಖೆ ಅಂತ ಕಿಟಕಿಯನ್ನು ಒಂದಿಷ್ಟು ಸರಿಸಿದಾಗ ಇನ್ನೊಂದು ಕಾರಣ ಎಲ್ಲರ ಮೂಗಿಗೂ ಗೊತ್ತಾಯಿತು.

ಬಂದವರೆಲ್ಲ ‘ಪಾಲುದಾರರು’. ನಮ್ಮ ಕಡೆ ಪಾಲುದಾರ ಅಂದರೆ ಅಂಗಡಿ ಮುಳುಗಿದರೆ ಜೊತೆಗೆ ಮುಳುಗುವವನು. ಇಲ್ಲಿ ಕೆರೆ ಮುಳುಗಿದರೂ ಯಾರ ಪ್ಯಾಂಟೂ ಒದ್ದೆಯಾಗುವ ಹಾಗಿರಲಿಲ್ಲ. ನನ್ನ ಪಕ್ಕದಲ್ಲಿ ಕೋಲಾರದ ಕಡೆಯ ಒಬ್ಬ ತಾತ ಕೂತಿದ್ದರು. ಕತ್ತಿಗೆ ನೇತುಹಾಕಿದ ಕಾರ್ಡಿನಲ್ಲಿ ‘ತಳಮಟ್ಟದ ಪಾಲುದಾರ’ ಅಂತ ಬರೆದಿತ್ತು.

‘ತಳಮಟ್ಟ ಅಂದ್ರೇನು ಸಾ?’ ಅಂತ ಕೇಳಿದರು.

‘ನೆಲದ ಹತ್ರ ಇರೋರು ತಾತ.’

‘ಓ, ಹಂಗಾ. ಲಿಫ್ಟಿನ ಹುಡುಗ ಇದು ಏಳ್ನೇ ಮಾಳಿಗೆ ಅಂದ್ನಲ್ಲ?’

ತಾತ ನೀರಗಂಟಿ. ಅಂದರೆ ಕೆರೆ ತುಂಬುತ್ತಿದ್ದ ಕಾಲದಲ್ಲಿ ನೀರಗಂಟಿ. ಕೆರೆಯ ಏರಿ ಮೇಲೆ ನಡೆದು ಏಡಿ ತೂತು ಬಿದ್ದಿದೆಯಾ, ನೀರು ಒಸರುತ್ತಿದೆಯಾ ಅಂತ ನೋಡುವುದು, ಹೇಳಿದ ಹೊತ್ತಿಗೆ ಕೆರೆಯ ನೀರು ಬಿಡುವ ತೂಬು ಎತ್ತುವುದು, ಕಾಲುವೆ ತಿರುಗಿಸಿ ಗದ್ದೆಗೆ ಗದ್ದೆಗೆ ನೀರು ಹಂಚುವುದು ಅವರ ಕೆಲಸ. ಕೂಲಿ ಸುಗ್ಗಿಯಲ್ಲಿ, ಮನೆಗಿಷ್ಟು ಭತ್ತ ಅಥವಾ ರಾಗಿ. ಮಳೆ ಕಮ್ಮಿಯಾದ ವರ್ಷ ಎಷ್ಟು ಗದ್ದೆ ನಾಟಿ ಮಾಡಬೇಕು ಅಂತ ಊರವರು ಮೊದಲೇ ಕೂತು ಮಾತಾಡುತ್ತಿದ್ದರು. ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಊರಿಗೆಲ್ಲ ನೀರು ಹಂಚಿದ ಎಷ್ಟೋ ನೀರಗಂಟಿಗಳಿಗೆ ಜಾತಿಯ ಕಾರಣಕ್ಕೆ ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಆದರೂ ಕೆರೆಯಲ್ಲಿ ನೀರಿತ್ತು. ಬೋರ್‌ವೆಲ್ ಬಂತು. ಅವರವರ ನೀರು ಅವರವರ ಹೊಲದಲ್ಲೇ ಸಿಕ್ಕ ಮೇಲೆ ತೂಬು ಯಾರಿಗೆ ಬೇಕು? ಈಗ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ಬರೀ ಧೂಳು.

ವೇದಿಕೆಯಲ್ಲಿ ‘ಸಾಮಾಜಿಕ ಆವಿಷ್ಕಾರ’ ಶುರುವಾಯಿತು. ಮೊದಲನೆಯದು ಒಂದು ಆಪ್. ಸ್ಥಳೀಯ ‘ಜಲಮಿತ್ರ’ನೊಬ್ಬ ದಿನಾ ಏರಿ ಮೇಲೆ ನಡೆದು ಫೋಟೋ ಹಾಕಬೇಕಂತೆ. ತಾತ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ‘ಇದು ನಮ್ಮಪ್ಪನ ಕೆಲ್ಸ ಅಲ್ವಾ?’ ಅಂದರು. ಹೌದು ತಾತ, ಆದರೆ ನಿಮ್ಮಪ್ಪನಿಗೆ ಡ್ಯಾಶ್‌ಬೋರ್ಡ್ ಇರಲಿಲ್ಲ. ಎರಡನೆಯದು, ಊರವರೇ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಕಷ್ಟಕ್ಕೆ ತೆಗೆದುಕೊಳ್ಳುವ ನಿಧಿ. ಜಗತ್ತಿಗೆ ಹೊಸ ಮಾದರಿ ಅಂದರು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದ್ದರು. ಪಾಪ, ಸ್ಲೈಡ್ ಮಾಡುವುದು ಗೊತ್ತಿರಲಿಲ್ಲ. ಅದಕ್ಕೇ ಅದು ಬರೀ ಸಂಘ ಆಗಿ ಉಳಿಯಿತು.

ನಡುವೆ ಒಬ್ಬರು ಎದ್ದು, ನಮ್ಮಲ್ಲಿ ಕೈ ಜೋಡಿಸುವ ಸಂಸ್ಕೃತಿಯೇ ಇಲ್ಲ ಅಂತ ಬೇಜಾರು ಮಾಡಿಕೊಂಡರು. ಈ ಮಾತು ನಾನು ಒಪ್ಪಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಗಲು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಗಲು ಎಷ್ಟು ಕೈ ಜೋಡಿರಬೇಕು! ಮಳೆನೀರು ಹರಿಯುವ ರಾಜಕಾಲುವೆ ಮೇಲೆ ಒಂದು ಮನೆ ಏಳಬೇಕಾದರೆ ನಕ್ಷೆಯವನು, ಖಾತೆಯವನು, ಕರೆಂಟಿನವನು, ಕೊನೆಗೆ ಗೃಹಪ್ರವೇಶದ ಪುರೋಹಿತ, ಎಲ್ಲರೂ ಒಂದಾಗಬೇಕು. ಇದಕ್ಕಿಂತ ಸಹಭಾಗಿತ್ವ ಬೇಕಾ? ಒಂದು ಕಾರ್ಯಾಗಾರವೂ ಇಲ್ಲದೆ ನಡೆದದ್ದು ಇದು.

ಊರು ಊರಿನ ನಡುವೆಯೂ ಸಹಭಾಗಿತ್ವ ಇದೆ. ಬೆಂಗಳೂರು ನೂರು ಕಿಲೋಮೀಟರ್ ಆಚೆಯಿಂದ ಕಾವೇರಿ ತಂದು ಕುಡಿಯುತ್ತದೆ, ತೊಳೆಯುತ್ತದೆ, ಫ್ಲಶ್ ಮಾಡುತ್ತದೆ. ಆ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದೆ. ಮೂರನೇ ಹಂತವೂ ಆಗಲಿ ಅಂತ ಕೋಲಾರದವರು ಅವತ್ತಿನಿಂದ ಕೇಳುತ್ತಲೇ ಇದ್ದಾರೆ. ಕೆರೆ ತುಂಬಿದ್ದು, ಕೆಲವು ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ. ಶುರುವಾದ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದೂ ನಿಜ. ‘ನಿಮ್ಮೂರಿನ ಕಾಫಿ ನಮ್ಮೂರಿಗೆ ಬರ್ತಾ ಇದೆ, ಏನು ಕಮ್ಮಿ?’ ಅಂದರು ತಾತ.

ಸಂಸ್ಥೆಗಳಿಗೂ ಬರ ಇಲ್ಲ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದೇ ವರ್ಷ ವಿಶ್ವಬ್ಯಾಂಕಿನ ಸಾಲದಲ್ಲಿ ಸಮುದಾಯದಿಂದಲೇ ಕೆರೆ ನಿರ್ವಹಣೆ ಅನ್ನುವ ಯೋಜನೆ ಬಂತು. 2014ರಲ್ಲಿ ಕಾನೂನು ಮಾಡಿ ಇನ್ನೊಂದು ಪ್ರಾಧಿಕಾರ. ಜೊತೆಗೆ ಸಣ್ಣ ನೀರಾವರಿ, ಅರಣ್ಯ, ಕಂದಾಯ, ಪಂಚಾಯಿತಿ, ಪಾಲಿಕೆ. ಬೆಳ್ಳಂದೂರು ಕೆರೆ 2018ರ ಜನವರಿಯಲ್ಲಿ ಹೊತ್ತಿ ಉರಿದಾಗ ಇವರಲ್ಲಿ ಎಷ್ಟೋ ಪಾಲುದಾರರು ಇದ್ದರು. ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು.

ಊಟದ ನಂತರ ನಿದ್ದೆ ಬರಬಾರದು ಅಂತ ಒಂದು ಆಟ. ಎಲ್ಲರೂ ಸುತ್ತ ನಿಲ್ಲಬೇಕು. ದಾರದ ಉಂಡೆಯನ್ನು ಒಬ್ಬರು ಇನ್ನೊಬ್ಬರ ಕಡೆ ಎಸೆಯಬೇಕು, ಎಸೆಯುವಾಗ ದಾರ ಹಿಡಿದುಕೊಂಡೇ ಇರಬೇಕು. ಹತ್ತು ನಿಮಿಷದಲ್ಲಿ ನಡುವೆ ದೊಡ್ಡ ಬಲೆ. ‘ನೋಡಿ, ನಾವೆಲ್ಲ ಹೇಗೆ ಬೆಸೆದುಕೊಂಡಿದ್ದೇವೆ!’ ಅಂದರು ಆಡಿಸಿದ ಮೇಡಂ. ಅರಣ್ಯದವರ ಕೈಯಿಂದ ಪಾಲಿಕೆಯವರ ಬೆರಳಿಗೆ, ಅಲ್ಲಿಂದ ಒಬ್ಬ ಬಿಲ್ಡರ್ ಕೈಗೆ, ಅಲ್ಲಿಂದ ನನ್ನ ವಾಚಿಗೆ. ಫೋಟೋ ತೆಗೆದರು. ಅಷ್ಟೊತ್ತಿಗೆ ಟೀ ಬಂತು ಅಂತ ಸುದ್ದಿ. ಎಲ್ಲರೂ ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಬಿಟ್ಟು ಹೊರಟರು.

ನಾನು ಕಪ್ಪು ಹಿಡಿದು ವಾಪಸ್ ಬಂದಾಗ ತಾತ ಕಾರ್ಪೆಟ್ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಕತ್ತರಿ ಹಿಡಿದು ಬಂದ ಹೋಟೆಲ್ ಹುಡುಗನಿಗೆ ‘ತಡೆಯಪ್ಪ’ ಅಂದು, ಒಂದೊಂದೇ ಗಂಟು ಬಿಡಿಸಿ ಸುತ್ತುತ್ತಿದ್ದರು.

‘ಯಾಕೆ ತಾತ, ಬಿಡಿ.’

‘ಒಳ್ಳೇ ದಾರ ಸಾ. ಮನೇಲಿ ಕನಕಾಂಬರ ಕಟ್ಟೋಕ್ ಆಯ್ತದೆ.’

ಉಂಡೆಯನ್ನು ಕಾರ್ಯಾಗಾರದವರು ಕೊಟ್ಟ ಚೀಲಕ್ಕೆ ಹಾಕಿಕೊಂಡು, ಕೋಲಾರದ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು.