ಹದಿನಾಲ್ಕರ ಪುಟ್ಟನ ಸಾಹಸಗಳು

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳ ಬ್ಯಾಗ್ ತಪಾಸಣೆ ನಡೆಯಿತು. ಹುಡುಕಲು ಹೊರಟಿದ್ದು ಮೊಬೈಲ್. ಸಿಕ್ಕಿದ್ದು ಕಾಂಡೋಮ್, ಗರ್ಭನಿರೋಧಕ ಮಾತ್ರೆ, ಸಿಗರೇಟು, ಲೈಟರ್, ವೈಟ್ನರ್. ಟೀವಿಯವರಿಗೆ ಹಬ್ಬ. ಅಪ್ಪ ಅಮ್ಮಂದಿರಿಗೆ ಆಘಾತ. ಮಕ್ಕಳಿಗೆ ಆಪ್ತಸಲಹೆ, ಜೊತೆಗೆ ಕೆಲವು ಕಡೆ ಹತ್ತು ದಿನ ರಜೆ. ತಪ್ಪು ಮಾಡಿದರೆ ರಜೆ ಸಿಗುತ್ತದೆ ಅಂತ ನಮ್ಮ ಕಾಲದಲ್ಲಿ ಯಾರೂ ಹೇಳಲೇ ಇಲ್ಲ.

ಶಾಲೆ ಬ್ಯಾಗಿಗೆ ಸರ್ಕಾರ 2019ರಲ್ಲೇ ತೂಕ ಗೊತ್ತುಮಾಡಿದೆ. ಒಂಬತ್ತು, ಹತ್ತನೇ ಕ್ಲಾಸಿಗೆ 4ರಿಂದ 5 ಕಿಲೋ. ಸಿಕ್ಕ ಮಾಲಿನಲ್ಲಿ ಯಾವುದೂ ಆ ಮಿತಿ ಮೀರಿಸುವಂಥದ್ದಲ್ಲ, ಹಾಗಾಗಿ ನಿಯಮ ಉಲ್ಲಂಘನೆ ಅನ್ನೋ ಹಾಗಿಲ್ಲ. ಆದರೆ ಒಂದು ವಸ್ತು ಸಿಕ್ಕ ವರದಿಯನ್ನು ನಾನೆಲ್ಲೂ ನೋಡಲಿಲ್ಲ. ಹದಿನೈದು ವರ್ಷದವರ ಬದುಕಿನ ಬಗ್ಗೆ, ಹದಿನೈದು ವರ್ಷದವರಿಗಾಗಿ, ಕನ್ನಡದಲ್ಲಿ ಬರೆದ ಕಾದಂಬರಿ. ಅದೇನಾದರೂ ಸಿಕ್ಕಿದ್ದರೆ? ಕಾಂಡೋಮಿಗೆ ಹತ್ತು ದಿನ ರಜೆ ಅಂದಮೇಲೆ ಕಾದಂಬರಿಗೆ ಟಿ.ಸಿ.ಯೇ.

ನಮ್ಮಲ್ಲಿ ಮಕ್ಕಳ ಸಾಹಿತ್ಯ ಇದೆ, ದೊಡ್ಡವರ ಸಾಹಿತ್ಯ ಇದೆ. ನಡುವೆ ಇನ್ನೊಂದು ವಯಸ್ಸಿದೆ ಅನ್ನೋದು ಟ್ಯೂಷನ್‌ನವರಿಗೆ ಮಾತ್ರ ಗೊತ್ತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನೇ ನೋಡಿ. 9ರಿಂದ 16 ವರ್ಷದ ಓದುಗರ ಪುಸ್ತಕಗಳಿಗೆ ಅದು. ಹಲ್ಲು ಬೀಳುತ್ತಿರುವವನಿಗೂ ಮೀಸೆ ಬರುತ್ತಿರುವವನಿಗೂ ಒಂದೇ ಅಳತೆಯ ಚಡ್ಡಿ ಹೊಲಿಸಿದ ಹಾಗೆ. ಮುಂದೆ ಯುವ ಪುರಸ್ಕಾರ ಇದೆಯಲ್ಲ ಅಂತ ನೀವು ಕೇಳಬಹುದು. ಅಲ್ಲಿ ಯುವ ಆಗಿರಬೇಕಾದ್ದು ಬರೆದವರು, 35ರ ಒಳಗೆ. ಓದುವವರ ವಯಸ್ಸು ಯಾರಿಗೆ ಬೇಕು?

ಏನೂ ಇಲ್ಲ ಅಂದುಬಿಟ್ಟರೆ ಅನ್ಯಾಯವಾಗುತ್ತದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ 2011ರಲ್ಲಿ ಇದೇ ಬಾಲ ಸಾಹಿತ್ಯ ಪುರಸ್ಕಾರ ಬಂತು. ಊರು ಮುಳುಗಿದ ಸಂಕಟವನ್ನು ಮಕ್ಕಳಿಗೂ ಹೇಳಬಹುದು ಅಂತ ಆಯ್ತು. ಹುಡುಗಿಯೊಬ್ಬಳು ಕ್ಲಾಸಿನ ಮಧ್ಯೆ ಮುಟ್ಟಾದದ್ದನ್ನು ಹೇಳಲು ಮಾತ್ರ ಇನ್ನೂ ಯಾವ ಅಣೆಕಟ್ಟು ಒಡೆಯಬೇಕೋ ಕಾಣೆ.

ಹಾಗಾದರೆ ಹದಿಹರೆಯದವರಿಗೆ ನಾವು ಕೊಡುವ ಕಾದಂಬರಿ ಹೇಗಿರುತ್ತದೆ? ನನಗೆ ಅದರ ಕಥೆ ಬಾಯಿಪಾಠ. ನಾಯಕ ಪುಟ್ಟ. ವಯಸ್ಸು ಹದಿನಾಲ್ಕು, ನಡವಳಿಕೆ ಏಳರದ್ದು. ಬೇಸಿಗೆ ರಜೆಗೆ ಅಜ್ಜನ ತೋಟಕ್ಕೆ ಹೋಗುತ್ತಾನೆ. ಅಲ್ಲಿ ನೆಟ್‌ವರ್ಕ್ ಇಲ್ಲ, ಅದರ ಬಗ್ಗೆ ಪುಟ್ಟನಿಗೆ ಬೇಸರವೂ ಇಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತಾನೆ, ಯಾರೂ ಎಬ್ಬಿಸದೆ. ಅಜ್ಜ ಉಪದೇಶ ಮಾಡಿದಾಗ ಪುಟ್ಟನ ಕಣ್ಣು ಹೊಳೆಯುತ್ತದೆ. (ನಿಜವಾದ ಹದಿನಾಲ್ಕರ ಹುಡುಗನಿಗೆ ಉಪದೇಶ ಮಾಡಿ ನೋಡಿ, ಏನು ಹೊಳೆಯುತ್ತದೆ ಅಂತ.) ಪುಟ್ಟನ ಗಂಟಲು ಒಡೆಯುವುದಿಲ್ಲ. ಮುಖದಲ್ಲಿ ಒಂದು ಮೊಡವೆ ಏಳುವುದಿಲ್ಲ. ಬಚ್ಚಲಿನಲ್ಲಿ ಅವನು ಎರಡು ನಿಮಿಷಕ್ಕಿಂತ ಜಾಸ್ತಿ ಇರುವುದಿಲ್ಲ.

ಜೊತೆಗೆ ಗೀತಾ ಇರುತ್ತಾಳೆ. ಲಿಂಗ ಸಮಾನತೆಗೆ. ಅವಳೂ ಪುಟ್ಟನ ಓರಗೆಯವಳೇ. ಆದರೆ ಲೇಖಕರು ಬಲು ಹುಷಾರು. ಮೊದಲ ಅಧ್ಯಾಯದಲ್ಲೇ ಅವಳು ಚಿಕ್ಕಪ್ಪನ ಮಗಳು ಅಂತ ಖಾತ್ರಿ ಮಾಡಿಬಿಡುತ್ತಾರೆ. ಅತ್ತೆ ಮಗಳು ಅಂದಿದ್ದರೆ ಓದುಗರ ತಲೆ ಎಲ್ಲೆಲ್ಲಿಗೋ ಹೋಗುತ್ತಿತ್ತು, ಅಲ್ವಾ? ಇಬ್ಬರೂ ಸೇರಿ ಶ್ರೀಗಂಧ ಕಳ್ಳರನ್ನು ಹಿಡಿಯುತ್ತಾರೆ. ನಾಯಿಯೂ ಸಹಾಯ ಮಾಡುತ್ತದೆ. ಜಿಲ್ಲಾಧಿಕಾರಿಗಳು ಶಾಲು ಹೊದಿಸುತ್ತಾರೆ. ಗೀತಾ ಆ ಹೊತ್ತಿಗೆ ಎಲ್ಲರಿಗೂ ಪಾನಕ ತರಲು ಒಳಗೆ ಹೋಗಿರುತ್ತಾಳೆ.

ಈಗ ಯಾರೋ ಹುಂಬರು ಬೇರೆ ಥರದ ಕಾದಂಬರಿ ಬರೆದರು ಅಂತಿಟ್ಟುಕೊಳ್ಳಿ. ಅದು ಯಾವುದೋ ಒಂದು ಆಯ್ಕೆ ಸಮಿತಿಯ ಮುಂದೆ ಹೋಯಿತು. ಸಮಿತಿಯಲ್ಲಿ ಹದಿಹರೆಯ ಮುಗಿಸಿ ನಲವತ್ತು ವರ್ಷ ಆದವರೇ ಇರುತ್ತಾರೆ, ಅನುಭವ ಬೇಕಲ್ಲ. ಅವರ ತಿದ್ದುಪಡಿಗಳು ಹೇಗಿರುತ್ತವೆ ಅಂತ ಊಹಿಸಲು ಕಷ್ಟವಿಲ್ಲ.

ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗುತ್ತಾಳೆ. ತಪ್ಪು ಸಂದೇಶ, ಪಾಸು ಮಾಡಿಸಿ. ಸಮಿತಿಯ ಔದಾರ್ಯ ದೊಡ್ಡದು. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂದು, ಗ್ರೇಸ್ ಅಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ. 73.40. ಅದರ ಹಿಂದಿನ ವರ್ಷ 83.89 ಇತ್ತು. ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಮಕ್ಕಳು ಫೇಲು. ನಾನು ಓದಿದ ಮಕ್ಕಳ ಕಾದಂಬರಿಗಳಲ್ಲಿ ಮಾತ್ರ ನೂರಕ್ಕೆ ನೂರು, ಗ್ರೇಸ್ ಅಂಕವೂ ಬೇಡ.

ಹುಡುಗಿಯ ಅಪ್ಪ ಕುಡಿಯುತ್ತಾನೆ. ಕಾಫಿ ಕುಡಿಯುತ್ತಾನೆ ಎಂದು ತಿದ್ದಿ. ಅಬಕಾರಿ ಆದಾಯ ನಂಬಿಕೊಂಡು ಬಜೆಟ್ ಮಂಡಿಸುವ ರಾಜ್ಯದಲ್ಲಿ ಕಾದಂಬರಿಯ ಅಪ್ಪಂದಿರಷ್ಟೇ ಖಜಾನೆಗೆ ದ್ರೋಹ ಮಾಡುತ್ತಿರುವವರು.

ಸೋದರಮಾವ ಅವಳ ಮೈ ಮುಟ್ಟುತ್ತಾನೆ. ಇದಕ್ಕೆ ಸಮಿತಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತದೆ. ಕುಟುಂಬ ವ್ಯವಸ್ಥೆಗೆ ಧಕ್ಕೆ. ಮಾವನ ಬದಲು ಅಪರಿಚಿತನೊಬ್ಬ ಇರಲಿ. ಬೇರೆ ರಾಜ್ಯದವನಾದರೆ ಇನ್ನೂ ಒಳ್ಳೆಯದು. ಪೋಕ್ಸೋ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಅಂತ ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ವರ್ಷ ವರ್ಷವೂ ಹೇಳುತ್ತದೆ. ಎನ್‌ಸಿಆರ್‌ಬಿಗೆ ನಮ್ಮ ಕುಟುಂಬ ವ್ಯವಸ್ಥೆಯ ಬಗ್ಗೆ ಗೌರವವಿಲ್ಲ.

ಈ ವಿಷಯದಲ್ಲಿ ಅಮೆರಿಕದವರು ನಮ್ಮಿಂದ ಕಲಿಯಬೇಕು. ಅಲ್ಲಿ ಹದಿಹರೆಯದವರ ಕಾದಂಬರಿಗೆ ಪುಸ್ತಕದಂಗಡಿಯಲ್ಲಿ ಬೇರೆ ಕಪಾಟೇ ಇದೆ. ಲಾರಿ ಹಾಲ್ಸ್ ಆ್ಯಂಡರ್ಸನ್ ಅವರ ‘ಸ್ಪೀಕ್’ 1999ರಲ್ಲಿ ಬಂತು. ಅತ್ಯಾಚಾರಕ್ಕೆ ಒಳಗಾದ ಹೈಸ್ಕೂಲ್ ಹುಡುಗಿ ಮಾತೇ ನಿಲ್ಲಿಸಿಬಿಡುವ ಕಥೆ. ಆ ಹುಡುಗಿ ಕಷ್ಟಪಟ್ಟು ಬಾಯಿ ಬಿಟ್ಟಳು, ಪುಸ್ತಕವನ್ನು ಶಾಲೆಯಿಂದ ತೆಗೆಯಿರಿ ಅಂತ ದೊಡ್ಡವರು ದೂರು ಕೊಟ್ಟರು. ಒಂದಲ್ಲ ಎರಡಲ್ಲ. 2023–24ರ ಒಂದೇ ಶಾಲಾ ವರ್ಷದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪುಸ್ತಕ ನಿಷೇಧದ 10,046 ಪ್ರಸಂಗ ನಡೆದವು ಅಂತ ಲೇಖಕರ ಸಂಸ್ಥೆ ಪೆನ್ ಅಮೆರಿಕ ಲೆಕ್ಕ ಕೊಟ್ಟಿದೆ. ಫ್ಲಾರಿಡಾದ ಎಸ್ಕಾಂಬಿಯಾ ಕೌಂಟಿಯಲ್ಲಿ ಪರಿಶೀಲನೆಗೆ ಅಂತ ಕಪಾಟಿನಿಂದ ಇಳಿಸಿದ್ದರಲ್ಲಿ ನಿಘಂಟುಗಳೂ ಇದ್ದವು. ಅಯೋವಾದ ಮೇಸನ್ ಸಿಟಿಯಲ್ಲಿ 2023ರಲ್ಲಿ ಪುಸ್ತಕ ಓದಲು ಪುರುಸೊತ್ತಿಲ್ಲದೆ ಚಾಟ್‌ಜಿಪಿಟಿಯನ್ನೇ ಕೇಳಿದರು, ಇದರಲ್ಲಿ ಲೈಂಗಿಕ ವರ್ಣನೆ ಇದೆಯಾ ಅಂತ. ಅದು ಇದೆ ಅಂದದ್ದನ್ನು ತೆಗೆದರು. ಮಕ್ಕಳು ಹೋಂವರ್ಕ್‌ಗೆ ಅದನ್ನೇ ಕೇಳಿದರೆ ಮಾತ್ರ ಕಳ್ಳತನ.

ಎಷ್ಟು ಖರ್ಚು ನೋಡಿ. ಬರೆಸಬೇಕು, ಅಚ್ಚು ಹಾಕಬೇಕು, ಕೊಳ್ಳಬೇಕು, ಕಪಾಟಿಗೆ ಏರಿಸಬೇಕು, ಇಳಿಸಬೇಕು, ಕೋರ್ಟಿಗೆ ಅಲೆಯಬೇಕು. ನಮ್ಮದು ಮಿತವ್ಯಯದ ನಾಡು. ಬರೆಯೋದೇ ಇಲ್ಲ, ನಿಷೇಧಿಸುವ ಪ್ರಮೇಯವೇ ಇಲ್ಲ. ಒಂದು ರಟ್ಟೂ ಸುಡದೆ, ಒಂದು ವಕಾಲತ್ತೂ ಹಾಕದೆ ಕೆಲಸ ಮುಗಿಯುತ್ತದೆ.

ಕಥೆ ಬೇಡ, ಪಾಠವನ್ನೇ ಮಾಡೋಣ ಅಂದರೆ ಅದಕ್ಕೂ ಕಲ್ಲು ಬಿದ್ದಿದೆ. ಹದಿಹರೆಯದ ಶಿಕ್ಷಣ ಅಂತ ಕೇಂದ್ರದಿಂದ ಬಂದ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ಬೇಡ ಅಂದವು, ಕರ್ನಾಟಕವೂ ಅಂದಿತು. ಸಂಸ್ಕೃತಿಗೆ ಹೊಂದುವುದಿಲ್ಲ ಅನ್ನೋದು ಆಗ ಕೇಳಿಬಂದ ಮಾತು. ಹದಿನೈದು ವರ್ಷ ಕಳೆದ ಮೇಲೆ ಆ ಬ್ಯಾಗ್‌ಗಳ ತಪಾಸಣೆ. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, 18 ತುಂಬದವರಿಗೆ ಕಾಂಡೋಮ್ ಮಾರಬಾರದಂತೆ ಅಂತ ರಾಜ್ಯದಲ್ಲಿ ಸುದ್ದಿ ಹಬ್ಬಿತು. ಔಷಧ ನಿಯಂತ್ರಣ ಇಲಾಖೆಯವರು ಹಾಗಲ್ಲ, ನಿಷೇಧವಿಲ್ಲ, ಮಕ್ಕಳು ಬಂದರೆ ಆಪ್ತಸಲಹೆ ಕೊಡಿ ಅಂತ ಔಷಧ ಅಂಗಡಿಯವರಿಗೆ ಹೇಳಿದ್ದೇವೆ ಅಂದರು. ಅಂದರೆ ಅಮ್ಮ ಹೇಳಲಾರದ್ದನ್ನು, ವಿಜ್ಞಾನದ ಮೇಷ್ಟ್ರು ಆ ಅಧ್ಯಾಯ ಬಂದಾಗ “ಇದನ್ನು ಮನೇಲಿ ಓದ್ಕೊಳ್ಳಿ” ಅಂತ ಹಾರಿಸಿದ್ದನ್ನು, ಸಾಹಿತಿ ಬರೆಯಲಾರದ್ದನ್ನು ಮೆಡಿಕಲ್ ಶಾಪ್‌ನವರು ಹೇಳಬೇಕು. ಅದೂ ಸಂಜೆ ಏಳರ ರಷ್‌ನಲ್ಲಿ, ಒಂದು ಕೈಯಲ್ಲಿ ಯಾರದೋ ಬಿಪಿ ಮಾತ್ರೆ ಕತ್ತರಿಸುತ್ತಾ.

ವಯಸ್ಸಿಗೆ ತಕ್ಕುದಲ್ಲ ಅನ್ನೋ ಮಾತು ನನಗೆ ಬಹಳ ಇಷ್ಟ. ಯಾವ ವಯಸ್ಸಿಗೆ ಏನು ತಕ್ಕುದು? 14 ತುಂಬಿದ ಮೇಲೆ ಅಪಾಯವಿಲ್ಲದ ಕೆಲಸಕ್ಕೆ ಸೇರಬಹುದು ಅನ್ನುತ್ತದೆ 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾನೂನು. ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನ ವಯಸ್ಸು ಕೇಳಿದರೆ ಅವನು ಹದಿನಾಲ್ಕು ಅಂತಲೇ ಹೇಳುತ್ತಾನೆ, ಹಾಗೆ ಹೇಳಲು ಅವನಿಗೆ ಕಲಿಸಿರುತ್ತಾರೆ. ಇನ್ನು ಮದುವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಕಾನೂನು ಬೇಡ ಅನ್ನುತ್ತದೆ, ಓಲಗ ಊದುತ್ತಲೇ ಇರುತ್ತದೆ. ಹದಿನಾರಕ್ಕೆ ಗಂಡ ಬರಬಹುದು, ಹದಿನೇಳಕ್ಕೆ ತೊಟ್ಟಿಲು ಬರಬಹುದು. ಹದಿನಾರರ ಹುಡುಗಿ ಒಬ್ಬನನ್ನು ಇಷ್ಟಪಟ್ಟು, ಆಮೇಲೆ ಯೋಚನೆ ಮಾಡಿ, ಬೇಡ ಅಂದು ಸೈಕಲ್ ಹತ್ತಿ ಹೋದಳು ಅನ್ನುವ ಕಥೆ ಮಾತ್ರ ಅವಳ ವಯಸ್ಸಿಗೆ ತಕ್ಕುದಲ್ಲ.

ಓದಲು ಜಾಗವಿಲ್ಲ ಅನ್ನೋ ನೆಪ ಹೇಳುವಂತಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಒಳ್ಳೆಯ ಕೆಲಸ, ಇದರಲ್ಲಿ ವ್ಯಂಗ್ಯವಿಲ್ಲ. ಕಾರ್ಡ್ ಹಿಡಿದ ಹದಿನಾರರ ಹುಡುಗಿ ಕಪಾಟಿನ ಮುಂದೆ ನಿಲ್ಲುತ್ತಾಳೆ. ಎಡಕ್ಕೆ ಮೊಲ ಮತ್ತು ಆಮೆ. ಬಲಕ್ಕೆ ಎಫ್‌ಡಿಎ ಪರೀಕ್ಷೆಯ ಗೈಡು. ಮೊಲಕ್ಕೆ ವಯಸ್ಸಾಯಿತು, ಎಫ್‌ಡಿಎಗೆ ವಯಸ್ಸಾಗಿಲ್ಲ.

ಅವಳೇನು ಓದದೆ ಕೂತಿಲ್ಲ. ಮನೆಗೆ ಬಂದು ಅಮ್ಮನ ಮೊಬೈಲಿನಲ್ಲಿ ಧಾರಾವಾಹಿ ಕಥೆ ಓದುತ್ತಾಳೆ. ಮೊದಲ ಕಂತಿನಲ್ಲೇ ಕಂಪನಿ ಮಾಲೀಕನಾದ ಹೀರೋ ಬಲವಂತವಾಗಿ ತಾಳಿ ಕಟ್ಟಿರುತ್ತಾನೆ. ಮೂವತ್ತನೇ ಕಂತಿಗೆ ಕಪಾಳಕ್ಕೆ ಹೊಡೆಯುತ್ತಾನೆ. ನೂರನೇ ಕಂತಿಗೆ ಅದೇ ಪ್ರೀತಿ ಅಂತ ಹೀರೋಯಿನ್‌ಗೆ ಗೊತ್ತಾಗುತ್ತದೆ. ಇದಕ್ಕೆ ಯಾವ ಸಮಿತಿಯೂ ಇಲ್ಲ, ತಿದ್ದುಪಡಿಯೂ ಇಲ್ಲ. ಸಮಿತಿಯ ಸದಸ್ಯರು ಆ ಹೊತ್ತಿಗೆ ತಮ್ಮ ಮನೆಯಲ್ಲಿ, ತಟ್ಟೆ ತೊಡೆ ಮೇಲಿಟ್ಟುಕೊಂಡು, ಅದೇ ಕಥೆಯನ್ನು ಟೀವಿಯಲ್ಲಿ ನೋಡುತ್ತಿರುತ್ತಾರೆ. ಹೆಂಡತಿ, ಸೊಸೆ, ಹತ್ತನೇ ಕ್ಲಾಸಿನ ಮೊಮ್ಮಗಳು ಎಲ್ಲರೂ ಜೊತೆಗೆ. ನಾಯಕ ಕೈ ಎತ್ತಿದಾಗ ಯಾರೂ ಏನೂ ಅನ್ನುವುದಿಲ್ಲ. ಬ್ರೇಕ್‌ನಲ್ಲಿ ಸ್ಯಾನಿಟರಿ ಪ್ಯಾಡಿನ ಜಾಹೀರಾತು ಬಂದಾಗ ಮಾತ್ರ ತಾತ ರಿಮೋಟ್ ಹುಡುಕುತ್ತಾರೆ.