ಸಾಂತಾಣಿ ಕಿತ್ತ ಬಿಳಿ ಫಿಲ್ಲಿಂಗ್

ಆಟಿ ತಿಂಗಳ ಮಳೆ ನೋಡುತ್ತಾ ಸಾಂತಾಣಿ ಜಗಿಯುತ್ತಿದ್ದೆ. ಕಟಕ್ ಅಂತು. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ, ಕಲ್ಲಿನ ಹಾಗೆ ಇರುತ್ತದಲ್ವಾ, ಅದರದ್ದೇ ಸಿಪ್ಪೆ ಅಂದುಕೊಂಡು ಉಗುಳಿದರೆ ಅಂಗೈಯಲ್ಲಿ ಬಿಳಿ ತುಂಡು. ಎರಡು ವರ್ಷದ ಹಿಂದೆ ದವಡೆ ಹಲ್ಲಿಗೆ ಹಾಕಿಸಿದ್ದ ಫಿಲ್ಲಿಂಗ್! ತಮಾಷೆ ಅಂದ್ರೆ, ಪಕ್ಕದ ಹಲ್ಲಲ್ಲೇ ನಾನು ಕಾಲೇಜಿಗೆ ಹೋಗುವಾಗ ಮಂಗಳೂರಲ್ಲಿ ಹಾಕಿಸಿದ ಸಿಲ್ವರ್ ಫಿಲ್ಲಿಂಗ್ ಉಂಟು. ಕಪ್ಪಾಗಿದೆ, ನೋಡಲು ಚೆಂದ ಇಲ್ಲ. ಆದರೆ ಅಲ್ಲಾಡಿಲ್ಲ.

"ಈಗ ಎಲ್ಲರೂ ಬಿಳಿಯೇ ಹಾಕಿಸೋದು" ಅಂತ ಹೇಳಿ ಅವತ್ತು ಹತ್ತೇ ನಿಮಿಷದಲ್ಲಿ ಮುಗಿಸಿ ಕಳಿಸಿದ್ದರು. ಈ ಸಲ ಉಡುಪಿಯಲ್ಲಿ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಿ ಹಿಡಿದು ತೋರಿಸಿದರು. ಹುಳುಕು ಒಸಡಿನ ಅಂಚಿನವರೆಗೆ ಇಳಿದಿದೆ. ಹತ್ತಿ ಇಟ್ಟರೆ ನಿಮಿಷದಲ್ಲಿ ಎಂಜಲು ಹೀರಿ ಒದ್ದೆ. "ಕಾಂಪೊಸಿಟ್‌ಗೆ ಇದು ಆಗಲ್ಲ ಮಾರಾಯ್ರೆ" ಅಂದರು.

ಕಾಂಪೊಸಿಟ್ ಅಂದರೆ ಇದೇ ಬಿಳಿ ಫಿಲ್ಲಿಂಗ್, ಅಂಟಿಕೊಂಡು ನಿಲ್ಲುವ ವಸ್ತು. ಆಸಿಡ್ ಹಚ್ಚಿ ತೊಳೆದು, ಬಾಂಡ್ ಅನ್ನುವ ಅಂಟು ಬಳಿದು, ಸುಮಾರು ಎರಡೆರಡು ಮಿಲಿಮೀಟರ್ ಪದರ ಇಟ್ಟು ಪ್ರತಿ ಸಲವೂ ನೀಲಿ ಲೈಟ್ ಹಿಡಿಯಬೇಕು. ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ ಬೇರೆ. ನಡುವೆ ಎಂಜಲು ತಾಗಿತೋ, ಅಂಟು ಕೆಟ್ಟಿತು. ಸಿಲ್ವರ್ ಫಿಲ್ಲಿಂಗ್‌ಗೆ ಅಂಟಿನ ಹಂಗಿಲ್ಲ. ಗುಂಡಿಯನ್ನು ಒಳಗೆ ಅಗಲ, ಬಾಯಲ್ಲಿ ಕಿರಿದು ಮಾಡಿ ಒತ್ತಿ ತುಂಬುತ್ತಾರೆ. ತುಸು ತೇವ ಇದ್ದರೂ ನಡೆಯುತ್ತದೆ. ಆದರೆ ಹಾಗೆ ಕೊರೆಯುವಾಗ ಒಳ್ಳೆಯ ಹಲ್ಲೂ ಜಾಸ್ತಿ ಹೋಗುತ್ತದೆ, ಅದೂ ನಿಜ.

ಸಿಲ್ವರ್ ಫಿಲ್ಲಿಂಗಲ್ಲಿ ಪಾದರಸ ಉಂಟು ಅಂತ ವಾಟ್ಸಾಪಲ್ಲಿ ಹೆದರಿಸುತ್ತಾರಲ್ವಾ, ಪಾದರಸ ಇರುವುದು ಸುಳ್ಳೇನಲ್ಲ. ಸಿಲ್ವರ್ ಅನ್ನುತ್ತೇವೆ, ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ, ವೈದ್ಯಕೀಯವಾಗಿ ತೀರಾ ಅಗತ್ಯ ಇದ್ದರೆ ಬಿಟ್ಟು, ಅದನ್ನು ನಿಲ್ಲಿಸಿದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಹೊಸದಾಗಿ ಹಾಕಿಸಿ ಅಂತ ನಾನೂ ಹೇಳುವುದಿಲ್ಲ. ಆದರೆ ಸರಿಯಾಗಿರುವ ಹಳೆಯದನ್ನು ವಾಟ್ಸಾಪ್ ಓದಿ ಹೆದರಿ ಸುಮ್ನೆ ಕೊರೆಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುವುದು.

ಅಮ್ಮ ಜೋರಾಗಿ ಉಜ್ಜಿ ಉಜ್ಜಿ ಹಲ್ಲಿನ ಬುಡ ಸವೆಸಿಕೊಂಡಿದ್ದಾರೆ. ಅಲ್ಲಿಗೆ ಗ್ಲಾಸ್ ಅಯನೊಮರ್ ಅನ್ನುವ ಇನ್ನೊಂದು ಬಗೆಯ ಫಿಲ್ಲಿಂಗ್ ಹಾಕಿದ್ದಾರೆ. ಅದು ಹಲ್ಲಿಗೆ ತಾನಾಗೇ ಕಚ್ಚಿಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಜಗಿಯುವ ಜಾಗಕ್ಕೆ ಹಾಕಿದರೆ ಮಾತ್ರ ಬೇಗ ಸವೆಯುತ್ತದೆ.

ನನಗೂ ಕೊನೆಗೆ ಒಸಡಿನ ಹತ್ತಿರ ಅದನ್ನೇ ತುಂಬಿ, ಮೇಲೆ ಕಾಂಪೊಸಿಟ್ ಹಾಕಿದರು. ಎಂಜಲು ತಾಗದ ಹಾಗೆ ರಬ್ಬರ್ ಹಾಳೆ ಕಟ್ಟಿಕೊಂಡು ಮುಕ್ಕಾಲು ಗಂಟೆ ಬಾಯಿ ತೆರೆದೇ ಮಲಗಿದ್ದೆ. ದವಡೆ ನೋಯುತ್ತಿತ್ತು. ಬಿಳಿ ಫಿಲ್ಲಿಂಗ್ ಮೇಲೆ ನನಗೆ ಸಿಟ್ಟಿಲ್ಲ. ತಕರಾರು ಏನಿದ್ದರೂ ಆ ಹತ್ತು ನಿಮಿಷದ ಮೇಲೆ.

ಸಾಂತಾಣಿ ಡಬ್ಬ ಈಗ ಅಟ್ಟದಲ್ಲಿದೆ. ಅಮ್ಮ ಇಟ್ಟದ್ದು.